ನೊರೆ ಬಂದರೆ ಚಂಡಿ (ಒದ್ದೆ) ಆಯಿತೆಂದಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಂಟುವಾಳ ಮತ್ತು ಸೀಗೆಯ ಮರುಬಳಕೆಯ ಕುರಿತು ಪ್ರಕಟವಾದ ಲೇಖನವನ್ನು ಓದಿದಾಗ ಮೊದಲು ಸಂತೋಷವಾಯಿತು. ಕೊನೆಯ ಎರಡು ಪ್ಯಾರಾಗಳಿಗೆ ಬರುವಷ್ಟರಲ್ಲಿ ಪೆನ್ನು ಹುಡುಕಬೇಕಾಯಿತು. ಅಂಟುವಾಳದ ನೀರು ಹೇರಳವಾಗಿ ನೊರೆ ಕೊಡುತ್ತದೆ, ಆದುದರಿಂದ ಬಟ್ಟೆಗೂ ಪಾತ್ರೆಗೂ ನೆಲಕ್ಕೂ ತೋಟಕ್ಕೆ ಬಿಡುವ ಮದ್ದಿಗೂ ಅದೊಂದೇ ಸಾಕು, ನೊರೆ ಹೆಚ್ಚಾದಷ್ಟೂ ಫಲ ಹೆಚ್ಚು ಎಂಬ ಅರ್ಥದ ಮಾತುಗಳು ಅಲ್ಲಿದ್ದವು. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ, ಈಗ ಕಾರ್ಕಳದ ಕಡೆ ಸ್ವಲ್ಪ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಈ ಮಾತನ್ನು ಹಾಗೆಯೇ ಬಿಡಲು ಮನಸ್ಸು ಬರಲಿಲ್ಲ. ಮಳೆಗಾಲ ಎದುರಿಗಿದೆ, ಅಡಿಕೆಗೆ ಮದ್ದು ಬಿಡುವ ದಿನಗಳು ಹತ್ತಿರವಾಗಿವೆ. ಲೇಖನವನ್ನು ನಂಬಿ ಯಾರಾದರೂ ಮೈಲುತುತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಪೀಪಾಯಿಗೆ ಅಂಟುವಾಳದ ನೀರನ್ನು ಕೊಡದಲ್ಲಿ ಸುರಿಯುವ ಮೊದಲು ಈ ಪತ್ರವನ್ನು ಓದಲಿ ಎಂಬುದು ನನ್ನ ಅಪೇಕ್ಷೆ. ಪತ್ರ ದೀರ್ಘವಾದುದಕ್ಕೆ ಕ್ಷಮೆಯಿರಲಿ.

ಅಂಟುವಾಳದ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ನಮ್ಮ ಮನೆಯ ಹಿತ್ತಿಲಲ್ಲಿ ಅಜ್ಜನ ಕಾಲದ ಮರವೊಂದು ಈಗಲೂ ಇದೆ. ಅಕ್ಕಸಾಲಿಗರು ಬೆಳ್ಳಿ ಬಂಗಾರದ ಒಡವೆಯನ್ನು ಅದರ ನೀರಿನಲ್ಲಿ ಉಜ್ಜಿ ಕೊಡುವುದನ್ನು ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ಕಂಡೇ ಬೆಳೆದವನು ನಾನು. ರೇಷ್ಮೆ ಸೀರೆಗೂ ಉಣ್ಣೆಗೂ ಅದು ಸೋಡಾ ಬೆರೆತ ಪುಡಿಗಳಿಗಿಂತ ಮೆತ್ತಗಿನ ತೊಳೆಯುವ ವಸ್ತು ಎಂಬುದರಲ್ಲಿ ಸಂಶಯವಿಲ್ಲ; ಅದರ ನೀರು ಸ್ವಲ್ಪ ಆಮ್ಲೀಯವಾದುದು, ಕ್ಷಾರವಲ್ಲ. ನನ್ನ ತಕರಾರು ಇರುವುದು ನೊರೆಯನ್ನು ಅಳತೆಗೋಲಾಗಿ ಹಿಡಿದದ್ದಕ್ಕೆ.

ಒಂದು ದ್ರವವು ಒಂದು ಘನವಸ್ತುವನ್ನು ಒದ್ದೆ ಮಾಡುವುದೆಂದರೆ, ನಮ್ಮ ಕಡೆಯ ಮಾತಿನಲ್ಲಿ ಚಂಡಿ ಮಾಡುವುದೆಂದರೆ, ಅಲ್ಲಿ ಮೂರು ಪಕ್ಷಗಳಿರುತ್ತವೆ: ದ್ರವ, ಗಾಳಿ ಮತ್ತು ಆ ಘನವಸ್ತು. ದ್ರವ ಗಾಳಿಯನ್ನು ಮುಟ್ಟುವಲ್ಲಿ ಒಂದು ಎಳೆತ, ದ್ರವ ಘನವನ್ನು ಮುಟ್ಟುವಲ್ಲಿ ಇನ್ನೊಂದು, ಘನ ಗಾಳಿಯನ್ನು ಮುಟ್ಟುವಲ್ಲಿ ಮತ್ತೊಂದು. ಹನಿಯ ಅಂಚಿನಲ್ಲಿ ಈ ಮೂರೂ ಸಮತೂಗಿದಾಗ ಹನಿಯ ಓರೆ ಘನದ ಮೇಲೆ ಒಂದು ನಿರ್ದಿಷ್ಟ ಕೋನದಲ್ಲಿ ನಿಲ್ಲುತ್ತದೆ. ಇದಕ್ಕೆ ಸ್ಪರ್ಶಕೋನ ಎಂದು ಹೆಸರು. ಇದನ್ನು 1805ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಥಾಮಸ್ ಯಂಗ್. ಕೋನ 90 ಡಿಗ್ರಿಗಿಂತ ಹೆಚ್ಚಿದ್ದರೆ ಹನಿ ಗುಂಡಗಾಗಿ ಕೂರುತ್ತದೆ, ಕಡಿಮೆಯಾದಷ್ಟೂ ಚಪ್ಪಟೆಯಾಗಿ ಹರಡುತ್ತದೆ. ನೊರೆಗೆ ಬೇಕಾಗುವುದು ಈ ಮೂರರಲ್ಲಿ ಮೊದಲಿನ ಎರಡು ಪಕ್ಷಗಳು ಮಾತ್ರ, ನೀರು ಮತ್ತು ಗಾಳಿ. ಬಕೆಟಿನ ಮೇಲೆ ಉಬ್ಬಿ ನಿಂತ ನೊರೆಯು ಅಡಿಕೆಯ ಸಿಪ್ಪೆಯ ಬಗ್ಗೆಯಾಗಲಿ ಸ್ಟೀಲಿನ ತಟ್ಟೆಯ ಬಗ್ಗೆಯಾಗಲಿ ನಮಗೆ ಏನನ್ನೂ ಹೇಳಲಾರದು, ಏಕೆಂದರೆ ಅದು ಅವುಗಳನ್ನು ಇನ್ನೂ ಮುಟ್ಟಿಯೇ ಇಲ್ಲ.

ಅಂಟುವಾಳ ನೊರೆ ಕೊಡುವುದು ಅದರ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ವಸ್ತುಗಳಿಂದ. ಕರಿ ಬೀಜದಲ್ಲಿ ಎಣ್ಣೆಯಿದೆಯೇ ಹೊರತು ನೊರೆಯಿಲ್ಲ. ಆದುದರಿಂದಲೇ ಅಜ್ಜಿ ಬೀಜ ಬಿಡಿಸಿ ನಮಗೆ ಆಡಲು ಕೊಟ್ಟು ಸಿಪ್ಪೆಯನ್ನು ಮಾತ್ರ ನೆನೆಹಾಕುತ್ತಿದ್ದುದು. ಸಪೋನಿನ್ನಿನ ಒಂದೊಂದು ಅಣುವಿನಲ್ಲೂ ನೀರಿಗೆ ಒಗ್ಗುವ ಸಕ್ಕರೆಯ ಸರಪಳಿಯೊಂದು, ನೀರಿಗೆ ಒಗ್ಗದ ಹಲವು ಉಂಗುರಗಳು ಬೆಸೆದ ಗಟ್ಟಿ ಭಾಗವೊಂದು ಇರುತ್ತವೆ. ಇಂಥ ಇಬ್ಬಗೆಯ ಸ್ವಭಾವದ ವಸ್ತುಗಳನ್ನೇ ಸರ್ಫ್ಯಾಕ್ಟಂಟ್ ಎನ್ನುವುದು. ಕಾರ್ಖಾನೆಯಲ್ಲಿ ತಯಾರಾಗುವ ಸೋಡಿಯಂ ಲಾರಿಲ್ ಸಲ್ಫೇಟಿನ ಅಣುತೂಕ 288; ಅದಕ್ಕೆ ಉದ್ದವಾದ, ಬಾಗಿ ಬಳುಕುವ ಬಾಲವಿದೆ. ಅಂಟುವಾಳದ ಸಪೋನಿನ್ನಿನ ಅಣುತೂಕ ಸಾವಿರದ ಆಸುಪಾಸಿನದು, ಬಾಲವಿಲ್ಲದ ದಪ್ಪ ಮೈ. ಈ ದಪ್ಪ ಅಣುಗಳು ನೀರಿನ ಮೇಲ್ಮೈಗೆ ನಿಧಾನವಾಗಿ ಬಂದು ಸೇರುತ್ತವೆ, ಸೇರಿದ ಮೇಲೆ ಒಂದಕ್ಕೊಂದು ಒತ್ತಿಕೊಂಡು ಚರ್ಮದಂಥ ಗಟ್ಟಿ ಪದರವಾಗುತ್ತವೆ. ಅಂಟುವಾಳದ ನೊರೆ ಬೇಗ ಒಡೆಯದೆ ಗಂಟೆಗಟ್ಟಲೆ ನಿಲ್ಲುವುದಕ್ಕೆ ಕಾರಣ ಈ ಪದರ. ನೊರೆಯ ಬಾಳಿಕೆಗೆ ಅನುಕೂಲವಾದ ಈ ಗುಣವೇ ಬೇಗಬೇಗನೆ ಹರಡಬೇಕಾದ ಕಡೆ ಅನನುಕೂಲವಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಇದಕ್ಕೆ ತದ್ವಿರುದ್ಧವಾಗಿ, ಸಿಂಪಡಣೆಗೆಂದೇ ಮಾರುವ ಕೆಲವು ಸಿಲಿಕೋನ್ ವಸ್ತುಗಳು ಅಂಟುವಾಳದಷ್ಟು ಬಾಳುವ ನೊರೆ ಕೊಡದಿದ್ದರೂ ಎಲೆಯ ಮೇಲೆ ಕನ್ನಡಿಯಂತೆ ಹರಡಿಬಿಡುತ್ತವೆ.

ಓದುಗರು ಮನೆಯಲ್ಲೇ ನೋಡಬಹುದಾದ ಒಂದು ಸಂಗತಿ ಇದೆ. ಮಳೆಗಾಲದಲ್ಲಿ ಹಿತ್ತಿಲ ತುಂಬ ಏಳುವ ಕೆಸುವಿನ ಎಲೆಯೊಂದನ್ನು, ಕೈಯಿಂದ ಉಜ್ಜದೆ, ತೊಟ್ಟು ಹಿಡಿದು ಕೊಯ್ದು ತನ್ನಿ. ಅದರ ಮೇಲೆ ಬಾವಿಯ ನೀರಿನ ಒಂದು ಹನಿ ಬಿಟ್ಟರೆ ಅದು ಪಾದರಸದಂತೆ ಉರುಳಾಡುತ್ತದೆ. ಎಲೆಯನ್ನು ಬಕೆಟಿನ ನೀರಿನೊಳಗೆ ಅದ್ದಿ ಓರೆಯಾಗಿ ನೋಡಿದರೆ ಹಸಿರೇ ಕಾಣುವುದಿಲ್ಲ, ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಬಟೆಗಳೂ ಅವುಗಳ ಮೇಲೆ ಮೇಣದ ಲೇಪವೂ ಇದ್ದು, ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯ ತೆಳುಪದರವೇ ಆ ಬೆಳ್ಳಿ. ತಾವರೆ ಎಲೆಯ ಈ ಗುಟ್ಟನ್ನು ಜರ್ಮನಿಯ ಬಾರ್ಥ್‌ಲಾಟ್ ಮತ್ತು ನೈನ್‌ಹ್ಯೂಸ್ 1997ರಲ್ಲಿ ವಿವರವಾಗಿ ಪ್ರಕಟಿಸಿದರು. ನಮ್ಮ ಕೆಸುವಿನದೂ ಅದೇ ಕುಲದ ಗುಟ್ಟು. ಈಗ ಅದೇ ಎಲೆಯನ್ನು ಅಂಟುವಾಳದ ನೀರಿನಲ್ಲಿ ಅದ್ದಿ. ನನ್ನ ಮೊಮ್ಮಗಳು ಹೀಗೆ ಅದ್ದಿ ಹಿಡಿದಾಗ ಬೆಳ್ಳಿಯು ಅಂಚಿನಿಂದ ಒಳಗೊಳಗೆ ಕರಗುತ್ತ ಬಂದು, ಅಲ್ಲಲ್ಲಿ ನಡುಗಡ್ಡೆಗಳಂತೆ ಉಳಿದು, ಕೊನೆಗೆ ಎಲೆ ಪೂರ್ತಿ ಕಡುಹಸಿರಾಯಿತು. ಗಾಳಿ ಹೊರಟುಹೋಗಿ ನೀರು ಗುಬಟೆಗಳ ಸಂದಿಗೆ ಇಳಿಯಿತು ಎಂದರ್ಥ. ಆದರೆ ಎಲೆಯನ್ನು ಹೊರತೆಗೆದು ಹೊಸದಾಗಿ ಒಂದು ಹನಿ ಅಂಟುವಾಳದ ನೀರನ್ನು ಒಣಗಿದ ಜಾಗದಲ್ಲಿ ಬಿಟ್ಟರೆ, ಅದು ಉರುಳಲಿಲ್ಲ, ಹರಡಲೂ ಇಲ್ಲ. ಬಿಂದಿಯಂತೆ ಉಬ್ಬಿ ಕೂತಿತು. ಲೇಖಕರು ಬಿಟ್ಟುಬಿಟ್ಟ ಕಥೆಯೆಲ್ಲ ಈ ಉಬ್ಬಿನಲ್ಲಿದೆ.

ನೀರಿನ ಮೇಲ್ಮೈ ಎಳೆತ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 72.8 ಮಿಲಿನ್ಯೂಟನ್. ಚೆನ್ನಾಗಿ ತೆಗೆದ ಅಂಟುವಾಳದ ರಸ ಇದನ್ನು 40ರ ಆಸುಪಾಸಿಗೆ ಇಳಿಸುತ್ತದೆ. ಇದು ದೊಡ್ಡ ಇಳಿಕೆಯೇ. ಆದರೆ ಹರಡುವುದಕ್ಕೆ ಎಷ್ಟು ಇಳಿದರೆ ಸಾಕು ಎಂಬುದನ್ನು ತೀರ್ಮಾನಿಸುವುದು ಘನವಸ್ತು. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿದ್ದ ವಿಲಿಯಂ ಝಿಸ್ಮನ್ ಮತ್ತು ಸಂಗಡಿಗರು ಕಳೆದ ಶತಮಾನದ ನಡುವಿನಲ್ಲಿ ಒಂದೊಂದು ಘನಕ್ಕೂ ಒಂದೊಂದು ಗಡಿಯಿದೆ ಎಂದು ತೋರಿಸಿದರು. ದ್ರವದ ಎಳೆತ ಆ ಗಡಿಗಿಂತ ಕೆಳಗಿಳಿದರೆ ಮಾತ್ರ ಅದು ಪೂರ್ತಿಯಾಗಿ ಹರಡುತ್ತದೆ. ನಾನ್‌ಸ್ಟಿಕ್ ಕಾವಲಿಯ ಟೆಫ್ಲಾನಿಗೆ ಈ ಗಡಿ ಸುಮಾರು 18, ಬಕೆಟು ಮತ್ತು ಹಾಲಿನ ತೊಟ್ಟೆಯ ಪಾಲಿಥೀನಿಗೆ ಸುಮಾರು 31, ಪಾಲಿಯೆಸ್ಟರಿಗೆ ಸುಮಾರು 43. ಮೇಣದ ಗಡಿ ಪಾಲಿಥೀನಿಗಿಂತಲೂ ಕೆಳಗೆ. ಈ ಅಂಕಿಗಳ ಪಕ್ಕದಲ್ಲಿ 40ನ್ನು ಇಟ್ಟು ನೋಡಿ: ಪಾಲಿಯೆಸ್ಟರ್ ಅಂಗಿಯ ಮೇಲೆ ಅಂಟುವಾಳದ ನೀರು ಸಲೀಸಾಗಿ ಹರಡೀತು, ಪಾಲಿಥೀನಿನ ಮೇಲೆ ಹನಿಯಾಗಿ ನಿಂತೀತು, ಮೇಣ ಬಳಿದ ಎಲೆಯ ಮೇಲೂ ಕಾಯಿಯ ಮೇಲೂ ಅದಕ್ಕಿಂತಲೂ ಕಡಿಮೆ ಹರಡೀತು. ನೊರೆ ಮಾತ್ರ ಮೂರಕ್ಕೂ ಒಂದೇ.

ಇನ್ನೊಂದು ಚಮಚ ಹೆಚ್ಚು ಹಾಕಿದರೆ ಹೇಗೆ ಎಂದು ಯಾರಾದರೂ ಕೇಳಬಹುದು. ಇಲ್ಲಿ ಒಂದು ಮಿತಿಯಿದೆ. ಸಪೋನಿನ್ ಸ್ವಲ್ಪಸ್ವಲ್ಪವೇ ಹೆಚ್ಚಿದಂತೆ ಮೇಲ್ಮೈ ತುಂಬುತ್ತ ಹೋಗುತ್ತದೆ, ಎಳೆತ ಇಳಿಯುತ್ತ ಹೋಗುತ್ತದೆ. ಮೇಲ್ಮೈ ಭರ್ತಿಯಾದ ಮೇಲೆ ಹೊಸದಾಗಿ ಬಂದ ಅಣುಗಳಿಗೆ ಅಲ್ಲಿ ಜಾಗವಿಲ್ಲದೆ ಅವು ನೀರಿನೊಳಗೇ ಗುಂಪುಗೂಡಿ ಮಿಸೆಲ್ ಎಂಬ ಉಂಡೆಗಳಾಗುತ್ತವೆ. ಅಲ್ಲಿಂದ ಮುಂದೆ ಎಷ್ಟು ಸುರಿದರೂ ಎಳೆತ ಇಳಿಯುವುದಿಲ್ಲ. ಎಣ್ಣೆಯ ಕಣಗಳನ್ನು ಒಳಗೆ ಹಿಡಿದಿಡುವುದಕ್ಕೆ ಮಿಸೆಲ್‌ಗಳು ಬೇಕು ಎಂಬುದು ನಿಜ, ಆದುದರಿಂದ ಪಾತ್ರೆಗೆ ಸ್ವಲ್ಪ ದಪ್ಪನೆಯ ರಸ ಬೇಕಾದೀತು. ಆದರೆ ಎಲೆಯ ಮೇಲೆ ಹರಡಿಸುವುದಕ್ಕೆ ಅವುಗಳಿಂದ ಪ್ರಯೋಜನವಿಲ್ಲ. ಇನ್ನೂ ಒಂದು ತೊಡಕೆಂದರೆ, ನಾವು ಮನೆಯಲ್ಲಿ ಏಳೆಂಟು ಕಾಯಿ ನೆನೆಸಿ ಕುದಿಸಿ ತೆಗೆದ ರಸ ಎಷ್ಟು ದಪ್ಪ ಎಂಬುದು ನಮಗೇ ತಿಳಿದಿರುವುದಿಲ್ಲ. ಮರದಿಂದ ಮರಕ್ಕೆ, ಕಾಯಿಯ ಹಳಮೆಗೆ ತಕ್ಕಂತೆ ಅದು ಬೇರೆ. ಎರಡು ಮೂರು ದಿನ ಇಟ್ಟರೆ ಹುಳಿ ವಾಸನೆ ಬಂದು ಕೆಡುತ್ತದೆ.

ಇನ್ನು ತೋಟದ ವಿಷಯ. ನನ್ನ ಅವಿವೇಕವನ್ನು ನಾನೇ ಒಪ್ಪಿಕೊಳ್ಳುವುದು ಉತ್ತಮ. ಕೆಲವು ವರ್ಷಗಳ ಹಿಂದೆ, ಇದೇ ಲೇಖನದಲ್ಲಿರುವಂಥ ಉತ್ಸಾಹದಲ್ಲಿ, ಮಹಾಳಿಗೆ, ಅಂದರೆ ಅಡಿಕೆಯ ಕೊಳೆರೋಗಕ್ಕೆ, ಬಿಡುವ ಬೋರ್ಡೋ ದ್ರಾವಣಕ್ಕೆ, ಮದ್ದು ಅಂಟಿ ಕೂರಲೆಂದು ಹಾಕುವ ವಾಡಿಕೆಯ ರಾಳವನ್ನು ಬಿಟ್ಟು ಅಂಟುವಾಳದ ರಸವನ್ನು ಧಾರಾಳವಾಗಿ ಬೆರೆಸಿದೆ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಪೀಪಾಯಿಯಲ್ಲಿ ಕೋಲು ತಿರುಗಿಸುತ್ತಿದ್ದಂತೆ ತಿಳಿನೀಲಿ ನೊರೆ ಅಂಚು ದಾಟಿ ನೆಲಕ್ಕಿಳಿಯಿತು. ಪಂಪು ಗಾಳಿ ನುಂಗಿ ಎರಡು ಸಲ ನಿಂತಿತು. ಮರ ಏರಿದ್ದ ಹಿರಿಯರು ಮೇಲಿಂದಲೇ ಕೂಗಿ, "ಮಾಸ್ಟ್ರೇ, ಇದೆಂತ ಮದ್ದೋ ಸಾಬೂನು ನೀರೋ?" ಎಂದು ಕೇಳಿದರು. ಗೊನೆಗೆ ತಾಗಿದ ದ್ರಾವಣ ಅಡಿಕೆಯ ಮೇಲೆ ಚುಕ್ಕೆಚುಕ್ಕೆಯಾಗಿ ನಿಲ್ಲುವ ಬದಲು ಹಾಳೆಯಂತೆ ಜಾರಿ, ಗೊನೆಯ ತುದಿಯ ಕಾಯಿಗಳಿಂದ ತೊಟ್ಟಿಕ್ಕಿ, ಮರದ ಕಾಂಡಕ್ಕೂ ಅವರ ಹೆಗಲಿಗೂ ನೀಲಿ ಬಳಿಯಿತು. ಎರಡು ದಿನ ಕಳೆದು ಮಳೆ ಹಿಡಿಯಿತು. ಮಳೆ ಬಿಟ್ಟ ಮೇಲೆ ದೋಟಿಯಿಂದ ಎಳೆದು ನೋಡಿದ ಗೊನೆಯಲ್ಲಿ, ತೊಟ್ಟಿನ ಸಂದುಗಳಲ್ಲಿ ಒಂದಿಷ್ಟು ನೀಲಿ ಬಿಟ್ಟರೆ ಕಾಯಿಗಳ ಮೈ ಹಸಿಹಸಿಯಾಗಿ ಹೊಳೆಯುತ್ತಿತ್ತು. ಆ ವರ್ಷ ನಳ್ಳಿ (ಎಳೆಯ ಅಡಿಕೆ) ಉದುರಿದ್ದು ಎಷ್ಟು, ಅದರಲ್ಲಿ ಅಂಟುವಾಳದ ಪಾಲೆಷ್ಟು ಎಂದು ನಾನು ಲೆಕ್ಕ ಹೇಳಲಾರೆ. ಒಂದು ತೋಟದ ಒಂದು ಮಳೆಗಾಲ ಪ್ರಯೋಗವೆನಿಸುವುದಿಲ್ಲ. ಆದರೆ ಏಕೆ ಹಾಗಾಯಿತು ಎಂಬುದನ್ನು ವಿವರಿಸಲು ಹೊಸ ಪ್ರಯೋಗವೇನೂ ಬೇಕಿಲ್ಲ.

ಸಿಂಪಡಣೆಯಲ್ಲಿ ಹರಡಿಸುವುದು ಬೇರೆ, ಅಂಟಿಸುವುದು ಬೇರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಜಿಲ್ಲೆಗಳಲ್ಲಿ, ಒಂದು ಸಲ ಬಿಟ್ಟ ಮದ್ದು ಮುಂದಿನ ಸಿಂಪಡಣೆಯವರೆಗೆ, ಅಂದರೆ ಸುಮಾರು ನಲವತ್ತು ನಲವತ್ತೈದು ದಿನ, ಕಾಯಿಯ ಮೇಲೆ ಉಳಿಯಬೇಕು. ಹಿಂದಿನವರು ರಾಳವನ್ನು ಬಟ್ಟೆ ಸೋಡಾದೊಡನೆ ಕುದಿಸಿ ಬೋರ್ಡೋಗೆ ಬೆರೆಸುತ್ತಿದ್ದುದರ ಹಿಂದೆ ಒಳ್ಳೆಯ ರಸಾಯನಶಾಸ್ತ್ರವಿದೆ. ಕುದಿಸಿದ ರಾಳ ಒಂದು ಬಗೆಯ ಸಾಬೂನಾಗುತ್ತದೆ. ಅದು ಬೋರ್ಡೋದಲ್ಲಿರುವ ಸುಣ್ಣ ಮತ್ತು ತಾಮ್ರದ ಜೊತೆ ಸೇರಿದೊಡನೆ ನೀರಿನಲ್ಲಿ ಕರಗದ ಅಂಟಾಗಿ ಮಾರ್ಪಟ್ಟು, ಮದ್ದಿನ ಕಣಗಳನ್ನು ಕಾಯಿಯ ಮೈಗೆ ಹಿಡಿದು ಕೂರಿಸುತ್ತದೆ. ಗಡಸು ನೀರಿನಲ್ಲಿ ಸ್ನಾನದ ಸಾಬೂನು ಗಸಿಗಟ್ಟುವುದಕ್ಕೆ ಯಾವುದು ಕಾರಣವೋ ಅದೇ ಇಲ್ಲಿ ಉಪಕಾರಕ್ಕೆ ಬಂತು. ಸಪೋನಿನ್ ಹೀಗೆ ಗಸಿಗಟ್ಟುವುದಿಲ್ಲ. ಲೇಖಕರು ಅದನ್ನು ಅಂಟುವಾಳದ ದೊಡ್ಡ ಗುಣವೆಂದು ಹೊಗಳಿದ್ದಾರೆ, ಬಚ್ಚಲಿನಲ್ಲಿ ಅದು ಗುಣವೇ ಹೌದು. ತೋಟದಲ್ಲಿ ಮಾತ್ರ ಅದರ ಅರ್ಥ ಬೇರೆಯಾಗುತ್ತದೆ: ಕರಗದ ವಸ್ತುವಾಗಿ ಬದಲಾಗದೆ ಕಾಯಿಯ ಮೇಲೆ ಒಣಗಿ ಕೂತ ಸಪೋನಿನ್, ಮೊದಲ ಮಳೆಹನಿ ಬಿದ್ದ ಕೂಡಲೇ ಮತ್ತೆ ಕರಗಿ ಮಳೆನೀರನ್ನೇ ಚೆನ್ನಾಗಿ ಹರಡಿಸಿ, ಪಕ್ಕದ ಮದ್ದನ್ನೂ ಕರೆದುಕೊಂಡು ಹೋಗುತ್ತದೆ. ನಾನು ಹಾಕಿದ್ದು ಅಂಟಲ್ಲ, ಜಾರುಬಂಡಿ. (ಪ್ರಸಂಗವಶಾತ್ ಒಂದು ಮಾತು: 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋವನ್ನು ಅಡಿಕೆಗೆ ತಂದವರು. ನಮ್ಮ ಮಹಾಳಿಯೂ ಅದೇ ರೋಗ.)

ಇನ್ನೊಂದು ಕಾರಣ ವೇಗದ್ದು. ಪಂಪಿನಿಂದ ಚಿಮ್ಮಿದ ಹನಿ ಕಾಯಿಗೆ ಬಡಿದು ಚಪ್ಪಟೆಯಾಗಿ, ಅಂಟಿಕೊಳ್ಳಬೇಕೋ ಪುಟಿದು ಹೋಗಬೇಕೋ ಎಂಬುದು ಕಣ್ಣೆವೆ ಮುಚ್ಚುವುದರೊಳಗೆ ತೀರ್ಮಾನವಾಗಿಬಿಡುತ್ತದೆ. ಆ ಕ್ಷಣದಲ್ಲಿ ಹನಿಗೆ ಹೊಸ ಮೇಲ್ಮೈ ಹುಟ್ಟುತ್ತದೆ. ಸಪೋನಿನ್ನಿನಂಥ ದಪ್ಪ ಅಣುಗಳು ಅಲ್ಲಿಗೆ ತಲುಪುವ ಮೊದಲೇ ಆಟ ಮುಗಿದಿರುತ್ತದೆ. ಆ ಹೊತ್ತಿಗೆ ಹನಿ ಹೆಚ್ಚುಕಡಿಮೆ ಬರಿಯ ನೀರಿನಂತೆಯೇ ವರ್ತಿಸುತ್ತದೆ. ತಟ್ಟೆಯ ಮೇಲೆ ಸಾವಕಾಶವಾಗಿ ಇಟ್ಟು ನೋಡಿದ ಹನಿ ಒಂದು ನಿಮಿಷದಲ್ಲಿ ಚೆಂದವಾಗಿ ಹರಡಿತೆಂದು, ಮೂವತ್ತು ಅಡಿ ಮೇಲಿನ ಗೊನೆಯಲ್ಲೂ ಹಾಗೆಯೇ ಆಗುತ್ತದೆ ಎಂದು ನಂಬಲಾಗದು. ಇಷ್ಟರ ಮೇಲೂ ಅಂಟುವಾಳವನ್ನು ಬಳಸಲೇಬೇಕೆನ್ನುವವರು ತರಕಾರಿ ಬಳ್ಳಿಗಳಿಗೆ, ಬಿಸಿಲಿನ ದಿನಗಳಲ್ಲಿ, ಬೇವಿನೆಣ್ಣೆಯನ್ನು ನೀರಿನೊಡನೆ ಬೆರೆಸುವುದಕ್ಕೆ ಬಳಸಿ ನೋಡಲಿ. ಎಣ್ಣೆಯನ್ನು ನೀರಿನಲ್ಲಿ ಒಡೆದು ಹಿಡಿದಿಡುವ ಆ ಕೆಲಸಕ್ಕೆ ಅದು ತಕ್ಕುದೇ, ಮಳೆಯ ಕಾಟವೂ ಅಲ್ಲಿಲ್ಲ.

ಅಡುಗೆಮನೆಗೆ ಬಂದರೆ ಲೇಖನದ ಮಾತು ಬಹುಪಾಲು ಸರಿ, ಕಾರಣ ಮಾತ್ರ ತಪ್ಪು. ನಿಜವಾಗಿ ಶುದ್ಧವಾದ ಸ್ಟೀಲು, ಗಾಜು ಇವುಗಳ ಮೇಲೆ ಬರಿಯ ನೀರೇ ಚೆನ್ನಾಗಿ ಹರಡುತ್ತದೆ. ಅಲ್ಲಿ ಅಂಟುವಾಳ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ನಮ್ಮ ಪಾತ್ರೆ ಶುದ್ಧವಲ್ಲ, ಅದರ ಮೇಲೆ ತೆಂಗಿನೆಣ್ಣೆಯ ಪೊರೆಯಿದೆ, ನೀರು ಕಾಣುವುದು ಆ ಪೊರೆಯನ್ನೇ. ಸ್ಟೀಲ್ ತಟ್ಟೆಗೆ ಎಣ್ಣೆ ಸವರಿ ಅಂಟುವಾಳದ ನೀರನ್ನು ನಿಧಾನವಾಗಿ ಹೊಯ್ದು ಬೆಳಕಿಗೆ ಹಿಡಿದರೆ, ಪೊರೆ ಅಂಚಿನಿಂದ ಹಿಂದೆ ಸರಿಯುತ್ತ, ದಪ್ಪಗಾಗುತ್ತ, ಕೊನೆಗೆ ಮಣಿಗಳಾಗಿ ತಟ್ಟೆ ಬಿಟ್ಟು ಏಳುವುದು ಕಾಣುತ್ತದೆ. ನೀರು ಲೋಹವನ್ನು ಗೆದ್ದುಕೊಂಡಿತು, ಎಣ್ಣೆ ಸೋತಿತು. ನೊರೆಗೆ ಇದರಲ್ಲಿ ಪಾತ್ರವಿಲ್ಲ. ಘಟ್ಟದ ಬುಡದಲ್ಲಿರುವ ನಮ್ಮಲ್ಲಿ ಧನುರ್ಮಾಸದ ಬೆಳಗ್ಗೆ ತೆಂಗಿನೆಣ್ಣೆ ಶೀಶೆಯಲ್ಲೇ ಹೆಪ್ಪುಗಟ್ಟಿರುತ್ತದೆ. ಆಗ ಇದೇ ನೀರಿಗೆ ಆ ಗಟ್ಟಿ ಎಣ್ಣೆಯನ್ನು ಮಣಿಗಟ್ಟಿಸಲು ಆಗುವುದಿಲ್ಲ, ನೀರನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಗಡಸು ನೀರಿನ ಮಾತೂ ಅಷ್ಟೆ: ಮುರಕಲ್ಲಿನ ನೆಲದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾದುದೇ, ಅಂಟುವಾಳ ಗಸಿಗಟ್ಟದಿರುವ ಅನುಕೂಲ ಬಯಲುಸೀಮೆಯವರಿಗೆ ಹೆಚ್ಚು.

ಲೇಖಕರು ಒಂದೇ ಬುಟ್ಟಿಗೆ ಹಾಕಿದ ಬೇರೆ ಎರಡು ಬಗೆಯ ವಸ್ತುಗಳನ್ನು ಬೇರ್ಪಡಿಸಬೇಕಾಗಿದೆ. ಹಿತ್ತಾಳೆಯ ದೀಪಕ್ಕೆ ಉಜ್ಜುವ ಬಿಂಬುಳಿ, ಹುಣಸೆಹುಳಿಗಳು ಸರ್ಫ್ಯಾಕ್ಟಂಟ್‌ಗಳಲ್ಲ. ಅವುಗಳ ಆಮ್ಲ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ, ಅಷ್ಟೆ. ದಾಸವಾಳದ ಸೊಪ್ಪಿನ ಗೊಂಪು ನೀರನ್ನು ಲೋಳೆಯಾಗಿಸಿ ಕೂದಲನ್ನು ಜಾರುವಂತೆ ಮಾಡುತ್ತದೆಯೇ ಹೊರತು ಮೇಲ್ಮೈ ಎಳೆತವನ್ನು ಸೀಗೆಯಷ್ಟು ಇಳಿಸುವ ವಸ್ತುವಲ್ಲ. ನಮ್ಮ ಅಮ್ಮ ಎಣ್ಣೆ ಮೀಯುವ ದಿನ ಸೀಗೆ ಹಾಕಿದ ಮೇಲೆಯೇ ಗೊಂಪು ಹಾಕುತ್ತಿದ್ದರು. ಮೊದಲನೆಯದು ಎಣ್ಣೆ ಬಿಡಿಸಲು, ಎರಡನೆಯದು ಸಿಕ್ಕು ಬಿಡಿಸಲು. ಆ ಕ್ರಮದಲ್ಲಿ ಇದ್ದ ತಿಳಿವಳಿಕೆ ಲೇಖನದಲ್ಲಿ ಕಲಸಿಹೋಗಿದೆ.

ಮಂಗಳೂರು ಹಂಚಿನ ಪಾಚಿಗೆ ಅಂಟುವಾಳದ ನೀರು ಎರಚಬೇಕೆಂಬ ಸಲಹೆಯ ಬಗ್ಗೆ ಒಂದೇ ವಾಕ್ಯ: ಹಂಚು ರಂಧ್ರಮಯವಾದ ಸುಟ್ಟ ಮಣ್ಣು, ಬರಿಯ ನೀರಿನ ಹನಿಯೂ ಅದರ ಮೇಲೆ ನಿಲ್ಲದೆ ಒಳಗಿಳಿಯುತ್ತದೆ, ಹರಡಿಸುವವನ ಅಗತ್ಯವೇ ಅಲ್ಲಿಲ್ಲ.

ಗಿಡದಿಂದ ಬಂದದ್ದು ಎಂದಮಾತ್ರಕ್ಕೆ ಎಲ್ಲರಿಗೂ ನಿರಪಾಯ ಎಂಬ ಧ್ವನಿಯೂ ಲೇಖನದಲ್ಲಿದೆ. ಕಾರೆಕಾಯಿ ಜಜ್ಜಿ ಹೊಳೆಯ ಗುಂಡಿಗೆ ಹಾಕಿ ಮೀನು ಹಿಡಿಯುತ್ತಿದ್ದ ಹಳಬರಿಗೆ ಇದರ ಸತ್ಯ ಗೊತ್ತಿತ್ತು. ಆ ಕಾಯಿಯಲ್ಲೂ ಇರುವುದು ಸಪೋನಿನ್ನೇ, ಅದು ಮೀನಿನ ಕಿವಿರಿನ ಪೊರೆಯನ್ನು ಕೆಡಿಸುತ್ತದೆ. ಸಪೋನಿನ್ ಮಣ್ಣಿನಲ್ಲಿ ಕೊಳೆತು ಹೋಗುವ ವಸ್ತು ಎಂಬುದು ನಿಜ. ಆದರೆ ಕೊಳೆಯುವುದಕ್ಕೆ ಸಮಯ ಬೇಕು, ಮೀನು ಸಾಯುವುದಕ್ಕೆ ಅಷ್ಟು ಬೇಡ. ಪಂಪಿನ ಪೀಪಾಯಿಯನ್ನು ತೋಡಿನಲ್ಲಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ನೀಲಿ ಮದ್ದಿಗೆ ಅಂಟುವಾಳವೂ ಸೇರಿದರೆ ಅಲ್ಲಿ ಎರಡು ವಿಷಗಳಾದವು.

ಮೇಳಗಳಲ್ಲಿ, ಸ್ವಸಹಾಯ ಸಂಘಗಳ ಮಳಿಗೆಗಳಲ್ಲಿ ಈಗ ಅಂಟುವಾಳದ ದ್ರವ ಶೀಶೆಗಳಲ್ಲಿ ಸಿಗುತ್ತಿದೆ. ಕಳೆದ ವರ್ಷ ನಾನು ಮಂಗಳೂರಿನಲ್ಲಿ ಕೊಂಡ ಒಂದು ಶೀಶೆಯ ಚೀಟಿಯಲ್ಲಿ ನೊರೆಯ ಚಿತ್ರ ದೊಡ್ಡದಾಗಿತ್ತು, ಒಳಗೆ ಏನೇನು ಎಷ್ಟಿದೆ ಎಂಬ ಮಾಹಿತಿ ಇರಲಿಲ್ಲ. ತಿಂಗಳುಗಟ್ಟಲೆ ಕೆಡದೆ ಉಳಿಯುವ ಅಂಟುವಾಳದ ನೀರಿಗೆ ಕೆಡದಂತೆ ತಡೆಯುವ ಏನನ್ನಾದರೂ ಬೆರೆಸಿರಲೇಬೇಕು. ತಯಾರಿಸುವ ಹೆಣ್ಣುಮಕ್ಕಳನ್ನು ದೂರುವುದು ನನ್ನ ಉದ್ದೇಶವಲ್ಲ. ಕೊಳ್ಳುವವರು ನೊರೆಯನ್ನೇ ಕೇಳಿದರೆ ಅವರು ನೊರೆಯನ್ನೇ ಕೊಡುತ್ತಾರೆ. ಅದರ ಬದಲು, ಯಾವ ಮೇಲ್ಮೈಗೆ, ಲೀಟರಿಗೆ ಎಷ್ಟು ಹಾಕಿದಾಗ, ಹನಿ ಯಾವ ಕೋನದಲ್ಲಿ ನಿಂತಿತು ಎಂದು ಚೀಟಿಯಲ್ಲಿ ಬರೆಯುವುದು ಸಾಧ್ಯ, ಅದಕ್ಕೆ ದುಬಾರಿ ಉಪಕರಣವೂ ಬೇಡ. ಅಕ್ಕಿಕಾಳಿನಷ್ಟು ಸಣ್ಣ ಹನಿಯನ್ನು ಸಮತಟ್ಟಾದ ಮೇಲ್ಮೈಯಲ್ಲಿಟ್ಟು, ಮೊಬೈಲನ್ನು ಹನಿಯ ಮಟ್ಟಕ್ಕೇ ಇಳಿಸಿ, ಹಿಂದಿನಿಂದ ಬೆಳಕು ಬರುವಂತೆ ಚಿತ್ರ ತೆಗೆದು, ಹನಿಯ ಎತ್ತರವನ್ನೂ ತಳದ ಅಗಲವನ್ನೂ ಅಳೆದರೆ ಸಾಕು. ಎತ್ತರವು ತಳದ ಅಗಲದ ಅರ್ಧದಷ್ಟಿದ್ದರೆ ಕೋನ 90 ಡಿಗ್ರಿ. ಕಾಲುಭಾಗವಿದ್ದರೆ ಸುಮಾರು 53. ನಡುವಿನ ಲೆಕ್ಕಗಳಿಗೆ ಎತ್ತರವನ್ನು ಅರ್ಧ ಅಗಲದಿಂದ ಭಾಗಿಸಿದರೆ ಅರ್ಧಕೋನದ ಟ್ಯಾಂಜೆಂಟ್ ಸಿಗುತ್ತದೆ, ಪಿಯುಸಿ ಮಕ್ಕಳಿಗೆ ಬರುವ ಗಣಿತ. ಬಟ್ಟೆಯ ವಿಷಯವಾದರೆ ಇನ್ನೂ ಸುಲಭ: ಜವಳಿ ಪ್ರಯೋಗಾಲಯಗಳ ಡ್ರೇವ್ಸ್ ಪರೀಕ್ಷೆಯಲ್ಲಿ ತೂಕ ಕಟ್ಟಿದ ಹತ್ತಿ ನೂಲಿನ ಲಡಿ ದ್ರವದಲ್ಲಿ ಮುಳುಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಎಣಿಸುತ್ತಾರೆ. ಮೇಣ ಕಳೆಯದ ಕೋರಾ ಬಟ್ಟೆಯ ತುಂಡುಗಳನ್ನು, ಒಂದರಲ್ಲಿ ಬರಿಯ ನೀರು ಇನ್ನೊಂದರಲ್ಲಿ ಅಂಟುವಾಳದ ನೀರು ಇರುವ ಎರಡು ಲೋಟಗಳಲ್ಲಿ ಬಿಟ್ಟು ಮನೆಯಲ್ಲೇ ಹೋಲಿಸಬಹುದು.

ಇಂಥ ಅಳತೆಗೆ ಪ್ರಯೋಗಾಲಯವೇ ಬೇಕೆನ್ನುವವರಿಗೆ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಅವರನ್ನು ನೆನಪಿಸುತ್ತೇನೆ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಾಗದೆ ಮನೆಯಲ್ಲೇ ಉಳಿದು ಅಡುಗೆ, ಪಾತ್ರೆ ನೋಡಿಕೊಂಡಿದ್ದ ಆಕೆ, ಪಾತ್ರೆ ತೊಳೆದ ನೀರಿನ ಮೇಲ್ಮೈಯನ್ನು ಗಮನಿಸುತ್ತ, ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡು ಮೇಲ್ಮೈ ಎಳೆತವನ್ನು ಅಳೆದರು. ಅದನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರಿಗೆ ಪತ್ರದಲ್ಲಿ ಬರೆದರು. ಅವರು ಅದನ್ನು ನೇಚರ್ ಪತ್ರಿಕೆಗೆ ಕಳುಹಿಸಿ, 1891ರಲ್ಲಿ ಅದು ಅಚ್ಚಾಯಿತು. ಇಂದಿಗೂ ಈ ವಿಷಯದ ಚರಿತ್ರೆಯಲ್ಲಿ ಆ ಪತ್ರಕ್ಕೆ ದೊಡ್ಡ ಸ್ಥಾನವಿದೆ.

ನಮ್ಮ ಎರಡು ಜಿಲ್ಲೆಗಳಲ್ಲಿ ಪದವಿ ಕಾಲೇಜುಗಳಿಗೆ ಕೊರತೆಯಿಲ್ಲ, ಬ್ರಹ್ಮಾವರದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ, ವಿಟ್ಲದಲ್ಲಿ ಅಡಿಕೆಯ ಸಂಶೋಧನೆ ನಡೆಯುತ್ತದೆ. ಎಳೆ ಅಡಿಕೆ, ಬಲಿತ ಅಡಿಕೆ, ಕಾಳುಮೆಣಸಿನ ಎಲೆ, ಬಾಳೆ ಎಲೆ ಇವುಗಳ ಮೇಲೆ ಅಂಟುವಾಳ, ಸೀಗೆ, ರಾಳ, ಅಂಗಡಿಯ ಗಮ್ಮು ಒಂದೊಂದರ ಹನಿ ಹೇಗೆ ನಿಲ್ಲುತ್ತದೆ, ನಲ್ಲಿಯ ಕೆಳಗೆ ಹಿಡಿದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಯಾರಾದರೂ ಅಧ್ಯಾಪಕರು ಮಕ್ಕಳ ಕೈಯಲ್ಲಿ ಅಳೆಸಿ ತಮ್ಮ ಪತ್ರಿಕೆಗೆ ಕಳುಹಿಸಿದರೆ, ಅದನ್ನು ಅದೇ ಭಾನುವಾರದ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಅಂಟುವಾಳದ ಕಾಯಿ ಬೇಕಾದವರಿಗೆ ನಮ್ಮ ಮರದ ಕಾಯಿಗಳನ್ನು ಕೊಡಲು ನಾನು ಸಿದ್ಧ. ಈ ಸಲದ ಕಾಯಿಗಳನ್ನು ಒಣಗಿಸಿ ಗೋಣಿಯಲ್ಲಿ ಕಟ್ಟಿಟ್ಟಿದ್ದೇನೆ, ಪೀಪಾಯಿಗೆ ಮಾತ್ರ ಹಾಕುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ,
ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ